ಕೈಯ ಮಾತು, ಕಾಲಿನ ಮಾತು

ಹೆಂಡತಿ: ನಾನು ಕೇಳಿದ್ದೇನು, ನೀವು ಕುಣೀತಿರೋದೇನು? ಅಕ್ಕನ ಮನೆಗೆ ಒಂದು ವಾರ ಹೋಗಿ ಬರ್ಲಾ, ಬೇಡ್ವಾ?

ಗಂಡ: ಶ್! ಇದು ಕುಣಿತ ಅಲ್ಲ ಕಣೇ, ಒಳಗಿನ ಕರೆ. ದೇಹ ಎಲ್ಲಿಗೆ ಎಳೆಯುತ್ತೋ ಅಲ್ಲಿಗೆ ಹೋಗ್ತಿದ್ದೀನಿ.

ಆ ದೇಹ ಹೆಡ್ ಗುಮಾಸ್ತರದು. ಮೈಯ ಮಾತು ಕೇಳಿ ಅದು ಎಳೆದಂತೆ ಆಡುವುದನ್ನು ಕಲಿಸುವ ಮೂರು ದಿನದ ಶಿಬಿರಕ್ಕೆ ಕಚೇರಿಯವರು ಕಳಿಸಿದ್ದೇ ತಪ್ಪಾಯಿತು. ಇಪ್ಪತ್ತೆರಡು ವರ್ಷ ಕುರ್ಚಿ ಬಿಟ್ಟು ಅಲ್ಲಾಡದ ಮನುಷ್ಯ ಈಗ ಕಣ್ಣು ಮುಚ್ಚಿ ಹಜಾರದ ತುಂಬ ತೂಗಾಡುತ್ತಿದ್ದರು. ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗಲೇ ಒಮ್ಮೆ ಮಗುಚಿತ್ತು. ಎತ್ತಿ ನಿಲ್ಲಿಸಿದ ಹೆಂಡತಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೆಂಡತಿ: ಎಳೆಯೋದು ಸೋಫಾಗೆ ತಾನೇ? ನಿನ್ನೆನೂ ಅಲ್ಲಿಗೇ ಎಳೀತು. ನೆಲ ಒರೆಸೋ ಬಟ್ಟೆ ಕಡೆಗೆ ಒಂದಿನಾದ್ರೂ ಎಳೆದಿದ್ಯಾ?

ಗಂಡ: ದೇಹ ಸುಳ್ಳು ಹೇಳಲ್ಲ. ಮೈ ತಾನಾಗಿ ಆಡ್ತಿರುವಾಗ ಯಾರೂ ತಡೀಬಾರ್ದು, ಏನು ಎತ್ತ ಅಂತ ಕೇಳ್ಬಾರ್ದು. ಶಿಬಿರದ ಗುರುಗಳ ಕಟ್ಟಪ್ಪಣೆ.

ಹೆಂಡತಿ: ನಾನು ಹೋಗೋ ವಿಷಯ?

ಗಂಡ: ಅದು ಬರೀ ನಿನ್ನ ತಲೆಯ ಮಾತು. ಕಣ್ಣು ಮುಚ್ಚು, ಕೈಕಾಲು ಸಡಿಲ ಬಿಡು. ಮೈ ಏನು ಬೇಡುತ್ತೋ ನೋಡೋಣ.

ಅವಳು ಒದ್ದೆ ಕೈ ಒರೆಸಿಕೊಂಡು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಕೈಗಳು ಎದ್ದವು. ಇಲ್ಲದ ಪಾತ್ರೆ ಉಜ್ಜಿದವು, ಇಲ್ಲದ ಬಟ್ಟೆ ಹಿಂಡಿದವು, ಕೊಡವಿದವು, ಮಡಚಿದವು. ಬೇರೇನೂ ಬರುವುದೇ ಇಲ್ಲವೇ ಈ ಕೈಗೆ! ಅವಳಿಗೆ ಅಳುವೇ ಬಂತು.

ಗಂಡ: ನೋಡಿದ್ಯಾ! ನಿನ್ನ ದೇಹಕ್ಕೆ ಬೇಕಾಗಿರೋದೇ ಮನೆಕೆಲಸ. ಅಕ್ಕನ ಮನೆ ಎಲ್ಲಿ ಬಂತು ಅದ್ರಲ್ಲಿ?

ಹೆಂಡತಿ: ತಡೀರಿ. ಇನ್ನೂ ಕೈ ಮಾತ್ರ ಮಾತಾಡಿದೆ, ಕಾಲಿನ ಸರದಿ ಬಂದಿಲ್ಲ.

ಕಾಲು ನೆಟ್ಟಗೆ ಕೋಣೆಗೆ ನಡೆಯಿತು. ಮಂಚದ ಕೆಳಗಿನಿಂದ ಸೂಟ್‌ಕೇಸ್ ಹೊರಬಂತು. ಅದಕ್ಕೆ ಮೊನ್ನೆಯೇ ಬಟ್ಟೆ ತುಂಬಿ ಆಗಿತ್ತು. ಬಾಗಿಲ ಬಳಿ ಚಪ್ಪಲಿಯೂ ಕಾಲಿಗೆ ಸಿಕ್ಕಿತು.

ಗಂಡ: ಲೇ, ಎಲ್ಲಿಗೇ?

ಹೆಂಡತಿ: ಶ್! ಕೇಳ್ಬಾರ್ದು.

ಗಂಡ: ಕಣ್ಣಾದ್ರೂ ಬಿಡೇ, ಮೆಟ್ಟಿಲಿದೆ!

ಹೆಂಡತಿ: ಒಂದು ಬಿಟ್ಟಿದ್ದೀನಿ.

ಗಂಡ: ಇದು ಮುಗಿಯೋದು ಯಾವಾಗ?

ಹೆಂಡತಿ: ಮೈ ಹೇಳೋದು ನೋಡಿದ್ರೆ ಒಂದು ವಾರ ಹಿಡಿಯೋ ಹಾಗಿದೆ. ಹತ್ತು ದಿನ ಆದ್ರೂ ಆದೀತು.

ಗೇಟಿನ ತನಕ ಬರಿಗಾಲಲ್ಲಿ ಓಡಿಬಂದ ಗುಮಾಸ್ತರು ಅಲ್ಲೇ ನಿಂತುಬಿಟ್ಟರು.

ಗಂಡ: ಅಡುಗೆ ಆಗಿಲ್ವಲ್ಲೇ! ಹೊಟ್ಟೆ ಏನೋ ಗುರುಗುಟ್ತಿದೆ!

ಹೆಂಡತಿ: ಗಮನ ಇಟ್ಟು ಕೇಳಿಸ್ಕೊಳ್ಳಿ. ಅಡುಗೆಮನೆಗೆ ದಾರಿ ಹೇಳ್ತಿರ್ಬೇಕು.