ಬಾಡಿಗೆ ಮನೆಯ ಮಧುಮಾಲತಿ

ಬಾಡಿಗೆ ಮನೆಯಲ್ಲಿ ಬಳ್ಳಿ ಹಚ್ಚಬಾರದು ಅಂತ ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ, ಡಮ್ ಡಮ್‌ನ ಈ ಮನೆಯಲ್ಲಿ ನನ್ನದು ಅಂತ ಏನಾದರೂ ಒಂದು ಬೇಕಾಗಿತ್ತು. ಮಧುಮಾಲತಿ ನೆಟ್ಟ ದಿನದಿಂದ ನಮ್ಮಲ್ಲಿ ನಗೆಗೆ ಬರವಿಲ್ಲ. ನಗುವವರು ಮಾತ್ರ ಬೇರೆಯವರು.

ಮೇಲಿನವರ ಹೂವು

ನಾವು ಕೆಳಗೆ, ಮನೆಯೊಡತಿ ಮೇಲೆ. ಇಲ್ಲಿಯ ಬಂಗಾಳಿ ರೂಢಿಯಂತೆ ನಾನು ಆಕೆಯನ್ನು ಮಾಸಿಮಾ, ಅಂದರೆ ಚಿಕ್ಕಮ್ಮ, ಅಂತೀನಿ, ಆಕೆ ನನ್ನನ್ನು ಬೌಮಾ, ಅಂದರೆ ಸೊಸೆ, ಅಂತಾರೆ. ಹೌರಾದ ರೈಲ್ವೆ ಕಚೇರಿಯಲ್ಲಿರುವ ನನ್ನ ಗಂಡ ಅಲ್ಲಿಯ ಕಾಂಪೌಂಡಿನಿಂದ ಒಂದು ಕಡ್ಡಿ ತಂದುಕೊಟ್ಟರು. ಗೇಟಿನ ಪಕ್ಕ ನೆಟ್ಟೆ, ತಂತಿ ಕಟ್ಟಿದೆ, ಸಾಸಿವೆ ಹಿಂಡಿ ಕೊಳೆಸಿದ ನೀರು ಹಾಕಿದೆ. ಬಳ್ಳಿ ನಮ್ಮ ಕಿಟಕಿಯನ್ನು ತಿರುಗಿಯೂ ನೋಡದೆ ಸೀದಾ ಮಾಸಿಮಾ ಬಾಲ್ಕನಿಗೆ ಏರಿ, ಅಲ್ಲಿ ಗೊಂಚಲು ಗೊಂಚಲಾಗಿ ಹೂಬಿಟ್ಟಿತು. ನಮ್ಮ ಪಾಲಿಗೆ ಉಳಿದದ್ದು ಕಾಂಡ, ಉದುರಿದ ಎಲೆ, ಹಿಂಡಿಯ ನಾತ.

ಬಂದವರಿಗೆಲ್ಲ ಮಾಸಿಮಾ "ನಮ್ಮ ಬಳ್ಳಿ" ಅಂತ ತೋರಿಸುವುದು ಕೇಳಿಸಿ ಗಂಡನ ಹತ್ತಿರ ಗೊಣಗಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ನಾವು ಬಾಡಿಗಿ ಕೊಡೋದು ಕೆಳಗಿನ ಮನಿಗೆ. ಹೂವು ಇರೋದು ಮ್ಯಾಲಿನ ಮನ್ಯಾಗ."

ಯಾವ ಕಡೆ?

ಮಧುಮಾಲತಿ ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುತ್ತದೆ. ಅದರ ಹುಟ್ಟುಗುಣ. ಚುನಾವಣೆಯ ಹೊತ್ತಿಗೆ ಕೇರಿಯ ಇಬ್ಬರು ಪಕ್ಷದ ಹುಡುಗರು ತಮ್ಮ ಬಾವುಟ ಕಟ್ಟಲು ಬಂದು ಗೇಟಿನಲ್ಲಿ ನಿಂತರು.

"ಏನು ಅತ್ತಿಗೆ, ಸರಿಯಾಗಿ ಈಗಲೇ ಕೆಂಪು ಹೂವು? ಕೆಂಪು ಬಾವುಟದವರ ಕಡೆ ಸೇರಿದಿರಾ?"

"ನಾನೇನು ಮಾಡಲಿ? ಮೊನ್ನೆ ಬಿಳೀ ಇತ್ತು."

ನನ್ನ ಮಾತಿಗೆ ಕಾಯದೆ ಬಳ್ಳಿಯ ಮೇಲೆಯೇ ಬಾವುಟ ಬಿಗಿದರು. ಎಳೆಯ ಕೊಂಬೆಗಳು ಲಟಲಟ ಮುರಿದವು. ಹೋಗುವಾಗ ಒಬ್ಬ ಇನ್ನೊಬ್ಬನಿಗೆ ಹೇಳಿದ:

"ರಾತ್ರೋರಾತ್ರಿ ಬಣ್ಣ ಬದಲಿಸುತ್ತಂತೆ ಕಣೋ. ಇದಕ್ಕೇ ಟಿಕೆಟ್ ಕೊಡಬಹುದಿತ್ತು."

ಕುಡಿ

ಧಾರವಾಡದಿಂದ ಅತ್ತೆ ಬಂದರು. ಮದುವೆಯಾಗಿ ಇಷ್ಟು ವರ್ಷವಾದರೂ ನಮಗೆ ಮಕ್ಕಳಿಲ್ಲ. ಬೆಳಿಗ್ಗೆ ನಾನು ಹೊಸ ಕುಡಿಗಳನ್ನು ತಂತಿಗೆ ಕಟ್ಟುತ್ತಿದ್ದಾಗ ಅತ್ತೆ ಚಹಾದ ಕಪ್ಪು ಹಿಡಿದು ಬಾಗಿಲಿಗೆ ಬಂದರು.

"ಈ ಹೂವು ದೇವರಿಗೆ ಬರತಾವೇನು?"

"ಇಲ್ಲರೀ ಅತ್ಯಾ."

"ಮುಡಕೊಳ್ಳಿಕ್ಕೆ?"

"ಇಲ್ಲ."

ಅತ್ತೆ ಒಂದು ಗುಟುಕು ಕುಡಿದರು. "ಮನೆತನಕ್ಕೊಂದು ಕುಡಿ ಕೊಡವಾ ಅಂದ್ರ, ನೀ ಗ್ವಾಡಿಗೆ ಕೊಟ್ಟಿ."

ಗಂಡ ಒಳಗಿನಿಂದ ಗೊಳ್ಳನೆ ನಕ್ಕರು. ಮಾತು ಚೆನ್ನಾಗಿಯೇ ಇತ್ತು ಅನ್ನಿ, ನಾನೂ ನಕ್ಕೆ. ಆಮೇಲೆ ಯಾರಿಗೂ ಮುಖ ತೋರಿಸದೆ ಬಹಳ ಹೊತ್ತು ಬುಡಕ್ಕೆ ನೀರು ಸುರಿಯುತ್ತ ಕೂತೆ.

"ಸಾಕು ಬಿಡವಾ," ಅತ್ತೆ ಕೂಗಿದರು, "ಅದೂ ಕೊಳತು ಹೋದೀತು!"

ಮದುವೆ ಬಂತು

ಮಾಸಿಮಾ ಮಗನ ಮದುವೆ ಗೊತ್ತಾಯಿತು. ಮನೆಗೆ ಸುಣ್ಣಬಣ್ಣ ಶುರುವಾಯಿತು. ನಾನು ನಮ್ಮ ಕಡೆಯ ಸಾಮಾನು ಸಿಗುವ ದೂರದ ಲೇಕ್ ಮಾರ್ಕೆಟ್‌ಗೆ ಹೋಗಿ ಬ್ಯಾಡಗಿ ಮೆಣಸಿನಕಾಯಿ ತರುವಷ್ಟರಲ್ಲಿ ಬಳ್ಳಿ ಬುಡಸಮೇತ ರಸ್ತೆಯ ಕಸದ ಗುಡ್ಡೆ ಮೇಲಿತ್ತು. ಹೂವು ಇನ್ನೂ ಬಾಡಿರಲಿಲ್ಲ.

"ಬಣ್ಣದವನಿಗೆ ಅಡ್ಡ ಆಗ್ತಿತ್ತು ಬೌಮಾ," ಅಂದರು ಮಾಸಿಮಾ. "ಹೇಳೋಣ ಅಂದರೆ ನೀನೇ ಇರಲಿಲ್ಲ."

ಬೇರೆ ಮನೆ ಹುಡುಕುವ ತ್ರಾಣ ನಮಗಿರಲಿಲ್ಲ. ಮೆಣಸಿನಕಾಯಿ ಚೀಲ ಹಿಡಿದು ಒಳಗೆ ಹೋದೆ.

ಮದುವೆ ಹತ್ತಿರ ಬಂದಾಗ ಫೋಟೋದವನು ಹೊಸ ಗೋಡೆ ನೋಡಿ, "ಬೋಳುಬೋಳಾಗಿದೆ, ಒಂದು ಹೂವಿನ ಬಳ್ಳಿ ಇದ್ದಿದ್ದರೆ!" ಅಂದ. ಅದೇ ಸಂಜೆ ಮಾಸಿಮಾ ಚೀಲದ ತುಂಬ ಪ್ಲಾಸ್ಟಿಕ್ ಬಳ್ಳಿ ತಂದು ನನ್ನ ಬಾಗಿಲು ತಟ್ಟಿದರು.

"ಬೌಮಾ, ಬಳ್ಳಿ ಹಬ್ಬಿಸೋದು ನಿನಗೇ ಗೊತ್ತು."

ಸ್ಟೂಲು ಹತ್ತಿ ಕಟ್ಟಿಕೊಟ್ಟೆ. ಯಾಕೆ ಕಟ್ಟಿದೆ ಅಂತ ಗಂಡ ಈಗಲೂ ಕೇಳುತ್ತಾರೆ. ಗೊತ್ತಿಲ್ಲ. ಖಾಲಿ ಗೋಡೆ ನೋಡಲಾಗುತ್ತಿರಲಿಲ್ಲ, ಅಷ್ಟೆ.

ಮದುವೆಗೆ ಬಂದವರೆಲ್ಲ ಹೊಗಳಿದರು. ಬೇಸಿಗೆ ಕಳೆಯುವ ಹೊತ್ತಿಗೆ ಹೂವಿನ ಬಣ್ಣ ಹೋಗಿ, ಎಲೆಗಳು ಬೂದಿಯ ಹಾಗಾಗಿ ಒಂದೊಂದೇ ಉದುರಿದವು. ಮಾಸಿಮಾ ಬಾಲ್ಕನಿಯಿಂದ ಬಗ್ಗಿ ನನ್ನನ್ನು ಕರೆದರು. ದನಿಯಲ್ಲಿ ನಿಜವಾದ ಮರುಕವಿತ್ತು.

"ಮೊದಲಿನ ಬಳ್ಳಿ ಎಷ್ಟು ಚೆಂದ ಬಂದಿತ್ತು ಬೌಮಾ! ಈಗೀಗ ನಿನ್ನ ಕೈಗುಣ ಹೋಗಿಬಿಟ್ಟಿದೆ."