ಅತ್ತೆ ಕಾವಲು ಕಾಯ್ದ ಜನವರಿ ಒಂದು

ನಮ್ಮ ಸೋದರತ್ತೆಯ ಲೆಕ್ಕದಲ್ಲಿ ವರ್ಷಕ್ಕಿರುವುದು ಒಂದೇ ದಿನ. ಅದು ಜನವರಿ ಒಂದು. ಉಳಿದವೆಲ್ಲ ಅದರ ಝೆರಾಕ್ಸ್ ಪ್ರತಿಗಳು! ಆ ದಿನ ಸೀನಿದವರು ವರ್ಷವಿಡೀ ಸೀನುತ್ತಾರೆ, ಎಡವಿದವರು ವರ್ಷವಿಡೀ ಎಡವುತ್ತಾರೆ. ಆದ್ದರಿಂದ ಆ ದಿನ ಮನೆಯಲ್ಲಿ ಏನೂ ಆಗಕೂಡದು. ಯುಗಾದಿಯನ್ನು ಬಿಟ್ಟು ಇದನ್ನೇಕೆ ಹಿಡಿದುಕೊಂಡೆ ಎಂದು ಒಮ್ಮೆ ಕೇಳಿದ್ದೆ.

"ಯುಗಾದಿಗೆ ದೇವ್ರು ಅದಾನ, ನೋಡ್ಕೊಂತಾನ. ಜನವರಿಗೆ ಯಾರದಾರ? ನಾನ ನೋಡ್ಕೋಬೇಕು" ಎಂದಳು.

ಪುರಾವೆಯೂ ಅವಳ ಬಳಿ ಇದೆ. ಒಂದು ವರ್ಷ ಜನವರಿ ಒಂದರಂದೇ ಗ್ಯಾಸ್ ಮುಗಿಯಿತಂತೆ, ಆಮೇಲೆ ವರ್ಷವಿಡೀ ಮುಗಿಯುತ್ತಲೇ ಇತ್ತಂತೆ. ಗ್ಯಾಸ್ ಇರುವುದೇ ಮುಗಿಯಲಿಕ್ಕೆ ಎಂದು ಅವಳಿಗೆ ತಿಳಿಸಿ ಹೇಳುವವರು ಕೊಟ್ಟೂರಿನಲ್ಲಿ ಇನ್ನೂ ಹುಟ್ಟಿಲ್ಲ.

ಈ ವರ್ಷವೂ ಹಿಂದಿನ ದಿನವೇ ಹಾಲು, ತರಕಾರಿ ತಂದಿಟ್ಟಾಯಿತು, ನೀರಿನ ಟ್ಯಾಂಕ್ ತುಂಬಿಸಿಯಾಯಿತು. ಮೊಬೈಲುಗಳು ಹಿಟ್ಟಿನ ಡಬ್ಬಿ ಸೇರಿದವು. ಪೇಪರ್ ಬೇಡ, ಅದರಲ್ಲಿ ಅಪಘಾತಗಳಿರುತ್ತವೆ. ಮಿರ್ಚಿ ಬಜಿ ಬೇಡ, ಎಣ್ಣೆ ಸಿಡಿಯುತ್ತದೆ. ಮಧ್ಯಾಹ್ನ ಮಲಗುವುದಂತೂ ಬೇಡವೇ ಬೇಡ, ಆಮೇಲೆ ವರ್ಷವಿಡೀ ತೂಕಡಿಸುವವನು ನಾನೇ.

ಹತ್ತು ಗಂಟೆಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕೇಕು ಹಿಡಿದು ಬಂದರು. ಅತ್ತೆ ಕಿಟಕಿಯಲ್ಲೇ ಮುಖ ತೋರಿಸಿ, "ಸರ, ನಾವು ಮನ್ಯಾಗಿಲ್ರಿ. ನಾಳಿ ಬರ್ರಿ" ಎಂದಳು. ಆ ಪುಣ್ಯಾತ್ಮರೂ ಆಗಲಿ ಎಂದು ಹೊರಟೇಹೋದರು!

ಒಳಗೆ ಉಳಿದವರು ಮೂವರು: ಅತ್ತೆ, ನಾನು, ನನ್ನ ಹೆಂಡತಿ. ಇಲ್ಲೊಂದು ವಿಷಯ ಹೇಳಬೇಕು. ನಾನೂ ಹೆಂಡತಿಯೂ ಮಾತು ಬಿಟ್ಟು ಅಂದಿಗೆ ಹದಿನೇಳು ದಿನ. ಹರಪನಹಳ್ಳಿಯಲ್ಲಿ ಅವಳ ತಂಗಿಯ ಮನೆಯ ಗೃಹಪ್ರವೇಶಕ್ಕೆ ಜ್ವರ ಎಂದು ಹೇಳಿ ಹೋಗದೆ, ಮನೆಯಲ್ಲಿ ಕ್ರಿಕೆಟ್ ನೋಡುತ್ತಾ ಸಿಕ್ಕಿಬಿದ್ದಿದ್ದೆ. ಅಂದಿನಿಂದ ನಮ್ಮ ಸಂಸಾರದ ಮಾತೆಲ್ಲ ಅತ್ತೆಯ ಮೂಲಕವೇ ನಡೆಯುತ್ತಿತ್ತು. ಸಾರಿಗೆ ಉಪ್ಪು ಕಡಿಮೆ ಎಂದು ನಾನು ಅತ್ತೆಗೆ ಹೇಳಬೇಕು, ಅವಳು ಎರಡು ಅಡಿ ಆಚೆಗಿದ್ದ ಹೆಂಡತಿಗೆ ಹೇಳಬೇಕು. ಆದರೆ ಅಂದು ಬೆಳಿಗ್ಗೆಯೇ ಅತ್ತೆ ರಾಜೀನಾಮೆ ಕೊಟ್ಟಳು. "ಇವತ್ತು ನಾನು ಪೋಸ್ಟ್‌ಮನ್ ಕೆಲಸ ಮಾಡಂಗಿಲ್ಲ" ಎಂದು ಗೋಡೆಗೆ ಒರಗಿ ಕೂತುಬಿಟ್ಟಳು.

ಆಗ ಮನೆಯಲ್ಲಿ ಎಂಥ ಶಾಂತಿ ಎನ್ನುತ್ತೀರಿ! ನಾನು ಜಂತಿಗಳನ್ನು ಎಣಿಸಿದೆ. ಹೆಂಡತಿ ಒಮ್ಮೆ ಹಸನು ಮಾಡಿದ ಅಕ್ಕಿಯನ್ನೇ ಮತ್ತೆ ಹಸನು ಮಾಡಿದಳು. ದೂರದಲ್ಲಿ ರೈಲು ಕೂಗಿದಾಗ, ಸದ್ಯ ಯಾರೋ ಒಬ್ಬರು ಬಾಯಿ ಬಿಟ್ಟರಲ್ಲ ಎನ್ನಿಸಿತು.

ನಾಲ್ಕು ಗಂಟೆಗೆ ನನ್ನ ತಾಳ್ಮೆ ಕೆಟ್ಟಿತು. "ಇದೆಂಥ ಹುಚ್ಚು ಅತ್ತಿ? ವರ್ಷಪೂರ್ತಿ ಹಿಂಗ ಮೂಕರಂಗ ಕುಂದ್ರಬೇಕೇನು?" ಎಂದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿದ್ದ ತನ್ನ ಸಂಸಾರದ ಮಾತು ತೆಗೆದಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು ಎಂಬುದಷ್ಟೇ ನನಗೆ ಗೊತ್ತಿತ್ತು.

"ನಾನೂ ನಿಮ್ಮ ಮಾವನೂ ಹಿಂಗ ಮಾತು ಬಿಟ್ಟಿದ್ವಿ. ಯಾತಕ್ಕ ಅಂಬೋದೂ ಈಗ ನೆಪ್ಪಿಲ್ಲ. ಜನವರಿ ಒಂದಕ್ಕ ಅವ್ರ ಬಂದು ಮಾತಾಡ್ಸಿದ್ರು. ನಾನು ತಿರುಗಿ ನೋಡ್ಲಿಲ್ಲ. ಸಂಕ್ರಾಂತಿಗೆ ಮಾತಾಡಿದ್ರಾತು ಅಂದ್ಕೊಂಡೆ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಸಂಕ್ರಾಂತಿ ಬಂತು. ಅವ್ರಿರ್ಲಿಲ್ಲ."

ಮೊರದಲ್ಲಿ ಆಡುತ್ತಿದ್ದ ಹೆಂಡತಿಯ ಕೈ ನಿಂತಿತು.

"ಚಾ ಇಡ್ಲೇನ್ರಿ?" ಎಂದಳು. ಅತ್ತೆಯನ್ನು ಕೇಳಿದಳೆಂದು ನಾನು ಅತ್ತೆಯ ಮುಖ ನೋಡಿದೆ.

"ನಿಮ್ಮನ್ನ ಕೇಳಿದ್ದು."

ನಾನೇ ಇಡುತ್ತೇನೆ ಎಂದು ಎದ್ದು ಅಡುಗೆಮನೆಗೆ ಹೋದೆ. ಚಾಪುಡಿ ಎಲ್ಲಿದೆಯೆಂದು ಗೊತ್ತಾಗದೆ ನಿಂತಾಗ ಹೆಂಡತಿಯೂ ಹಿಂದೆಯೇ ಬಂದಳು. ಆ ಸಂಜೆ ನಮ್ಮ ಮನೆಯಲ್ಲಿ ಮೂರು ಸಲ ಚಾ ಆಯಿತು. ಮೂರನೆಯ ಸಲ ಅತ್ತೆ ಕೂತಲ್ಲಿಂದಲೇ, "ನನಗ ಒಂಚೂರು ಸಕ್ರಿ ಜಾಸ್ತಿ ಹಾಕವ್ವ" ಎಂದಳು.