ಸಾರಿನ ಪುಡಿ ಸೈಟಿಗೆ ಕಾವಲು

ವೆಬ್‌ಸೈಟ್ ಕಾಯುವ ಕೆಲಸ ಹಿಡಿದವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಿಲ್ಲ, ನಗು ಕೆಲಸದ ಜೊತೆಗೇ ಬರುತ್ತದೆ. ಮಂಡಿ ಮೊಹಲ್ಲಾದ ಸಾರಿನ ಪುಡಿ ಅಂಗಡಿಯೊಂದರ ವೆಬ್‌ಸೈಟು ನನ್ನ ಪಾಲಿಗೆ ಬಂದಿದೆ. "ನಮ್ಮ ಸೈಟು ಇನ್ನೊಬ್ಬರ ಕಂಪ್ಯೂಟರಲ್ಲಿ ಯಾಕಿರಬೇಕು?" ಎಂದು ಹಟ ಹಿಡಿದ ಯಜಮಾನರು ಅದನ್ನು ಅಂಗಡಿಯ ಹಿಂದಿನ ಕೋಣೆಯ ಕಂಪ್ಯೂಟರಿನಲ್ಲೇ ಇಟ್ಟಿದ್ದಾರೆ. ಒಂದು ಸಲ ಯಾವನೋ ಹ್ಯಾಕರ್ ನುಗ್ಗಿ, ಪುಡಿಯ ಚಿತ್ರವಿದ್ದ ಜಾಗದಲ್ಲಿ ಜೂಜಿನ ಜಾಹೀರಾತು ಹಾಕಿಬಿಟ್ಟಿದ್ದ. "ಇನ್ನೊಂದ್ಸಲ ಹಿಂಗಾದ್ರೆ ಸೈಟೂ ಬೇಡ, ನೀವೂ ಬೇಡ" ಎಂದರು ಯಜಮಾನರು. ಅಂದಿನಿಂದ ನಾನು ಮೈಯೆಲ್ಲ ಕಣ್ಣಾಗಿದ್ದೇನೆ.

೧. ಗುಟ್ಟು

ಮೊದಲು ಯಜಮಾನರಿಂದಲೇ ಹೊಸ ಪಾಸ್‌ವರ್ಡ್ ಹಾಕಿಸಿ, "ಯಾರಿಗೂ ಹೇಳ್ಬೇಡಿ ಸಾರ್" ಎಂದೆ. ಮರುದಿನ ನನಗೇ ಅದು ಬೇಕಾಯಿತು. ಫೋನ್ ಮಾಡಿದೆ.

"ಹೇಳಲ್ಲ ಕಣ್ರೀ! ಯಾರಿಗೂ ಹೇಳ್ಬೇಡಿ ಅಂದೋರು ನೀವೇ ಅಲ್ವಾ?"

"ಸಾರ್, ನಾನೇ ಸಾರ್!"

"ಮಾತು ಅಂದ್ರೆ ಮಾತು. ಬೇಕಾದ್ರೆ ಪಕ್ಕದ ಬೆಲ್ಲದಂಗಡಿಯವರನ್ನ ಕೇಳಿ, ಅವ್ರಿಗೆ ನಿನ್ನೇನೇ ಹೇಳಿದೀನಿ."

೨. ಗೋಡೆ

ಆಮೇಲೆ ಹೊರಗಿನ ಕಳ್ಳರನ್ನು ತಡೆಯುವ ಫೈರ್‌ವಾಲ್ ಹಾಕಿದೆ. ಅಷ್ಟರಲ್ಲಿ ಅದೇ ಬೆಲ್ಲದಂಗಡಿಯವರು ಬಂದರು.

"ಏನ್ರೀ, ನಿಮ್ಮ ಸೈಟಿಗೆ ಯಾರೋ ನುಗ್ಗಿದ್ರಂತೆ? ಮೈಸೂರಲ್ಲಿ ಸೈಟ್ ಖಾಲಿ ಬಿಡ್ಬಾರ್ದು ಕಣ್ರೀ!"

"ಫೈರ್‌ವಾಲ್ ಹಾಕ್ಸಿದೀನಿ" ಎಂದರು ನಮ್ಮ ಯಜಮಾನರು ಹೆಮ್ಮೆಯಿಂದ.

"ಬರೀ ವಾಲ್ ಸಾಲ್ದು. ಮೇಲೆ ಗಾಜಿನ ಚೂರು ನೆಡ್ಸಿ!"

ಯಜಮಾನರು ನನ್ನ ಕಡೆ ತಿರುಗಿದರು. "ಇದನ್ನ ಯಾಕ್ರೀ ನೀವು ಹೇಳ್ಲಿಲ್ಲ?"

೩. ಆಯುಧಪೂಜೆ

ದಸರಾ ಎಂದರೆ ಊರ ತುಂಬ ಜನ, ಸೈಟಿನ ತುಂಬ ಆರ್ಡರು. ಆಯುಧಪೂಜೆಯ ಬೆಳಿಗ್ಗೆ ಸಿದ್ಧಾರ್ಥನಗರದ ನನ್ನ ಮನೆಯಲ್ಲಿ ಫೋನಿನೊಳಗೆ ಸೈಟಿನ ಎಚ್ಚರಿಕೆ ಗಂಟೆ ಕಿರುಚತೊಡಗಿತು. ಯಾವನೋ ಸೈಟಿಗೆ ನುಗ್ಗಲು ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಹಾಕಿ ನೋಡುತ್ತಿದ್ದ! ನಿಜ ಹೇಳಬೇಕೆಂದರೆ ಖುಷಿಯೇ ಆಯಿತು, ಕಡೆಗೂ ಒಬ್ಬ ಸರಿಯಾದ ಕಳ್ಳ ಸಿಕ್ಕಿದ್ದ. ಲ್ಯಾಪ್‌ಟಾಪ್ ತೆರೆದು ಅವನನ್ನು ತಡೆಯಬೇಕು ಎನ್ನುವಷ್ಟರಲ್ಲಿ ಸೈಟೇ ಮಾಯ! ಸೈಟೂ ಹೋಯಿತು, ನಾನೂ ಹೋದೆ ಅಂದುಕೊಂಡು, ಅಂಗಿ ಸಿಕ್ಕಿಸಿಕೊಂಡು ದಸರಾ ಜಂಗುಳಿಯ ನಡುವೆ ಸ್ಕೂಟರ್ ಓಡಿಸಿದೆ.

ಹಿಂದಿನ ಕೋಣೆಯಲ್ಲಿ ಕಂಪ್ಯೂಟರು ಸೇವಂತಿಗೆ ಹಾರ ಹಾಕಿಕೊಂಡು, ಕುಂಕುಮ ಇಟ್ಟುಕೊಂಡು, ತಕ್ಕಡಿಯ ಪಕ್ಕ ಕೂತಿತ್ತು. ವೈರು ಕಿತ್ತು ಸುತ್ತಿಟ್ಟಿದ್ದರು. ಸೈಟು ಹೋಗಿದ್ದು ಕಳ್ಳನಿಂದಲ್ಲ, ಪೂಜೆಯಿಂದ! ಯಜಮಾನರ ಹೆಂಡತಿ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದರು.

"ಅಮ್ಮಾ, ಇದನ್ನ ಯಾಕೆ ಆಫ್ ಮಾಡಿದ್ರಿ?"

"ಪೂಜೆಗಿಟ್ಟ ಆಯುಧ ಇವತ್ತು ಕೆಲಸ ಮಾಡೋ ಹಂಗಿಲ್ಲ ಕಣಪ್ಪ."

"ಅಯ್ಯೋ, ಹ್ಯಾಕರ್ ಬಂದಿದ್ದಾನಮ್ಮಾ!"

ಅವರು ತಟ್ಟೆಯನ್ನು ನನ್ನ ಮುಂದೆ ಹಿಡಿದರು. "ನಾಳೆ ಬರ್ಲಿ ಬುಡಪ್ಪ. ಹಬ್ಬದ ದಿನ ಕಂಪ್ಯೂಟರ್ ಮುಟ್ತಾನಲ್ಲ, ಅವನ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?"